ಗೋಡೆಯ ಟಿವಿ ಎಷ್ಟು ಎತ್ತರದಲ್ಲಿರಬೇಕು? ಐದೂವರೆ ಅಡಿಗೆ ಪ್ಲಗ್ ಪಾಯಿಂಟ್ ಇಟ್ಟುಬಿಟ್ಟಿದ್ದಾರೆ

ನಿಟುವಳ್ಳಿ ಟೀಚರ್ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮದು ಹಳೆಯ ಮನೆ. ಈ ಬೇಸಿಗೆಯಲ್ಲಿ ಹಾಲ್ ಒಂದನ್ನು ಮಾತ್ರ ಸರಿಮಾಡಿಸಿದ್ದೇವೆ. ಗಿಲಾವು, ಬಣ್ಣ ಎಲ್ಲ ಮುಗಿದಿದೆ. 55 ಇಂಚಿನ ಟಿವಿ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಗೋಡೆಗೆ ಹಾಕುವವರು ಭಾನುವಾರ ಬರುತ್ತಾರೆ.

ವೈರಿಂಗ್ ಮಾಡಿದವರು ನಮ್ಮನ್ನು ಒಂದು ಮಾತೂ ಕೇಳದೆ ಟಿವಿಯ ಪ್ಲಗ್ ಪಾಯಿಂಟನ್ನು ನೆಲದಿಂದ ಐದೂವರೆ ಅಡಿಗೆ ಇಟ್ಟಿದ್ದಾರೆ. "ಎಲ್ಲರ ಮನೆಯಲ್ಲೂ ಇಷ್ಟೇ ಇರುವುದು ಮೇಡಂ" ಎಂದರು. ನಮ್ಮ ಮನೆಯವರಿಗೂ ಅದೇ ಹಿಡಿಸಿದೆ. ಟಿವಿಯ ಮೇಲಂಚು ಬಾಗಿಲಿನ ಲಿಂಟಲ್ ಮಟ್ಟದ ಹತ್ತಿರ ಬಂದರೆ ಗೋಡೆಗೆ ಒಂದು ಅಂದ ಬರುತ್ತದೆ ಎನ್ನುತ್ತಾರೆ.

ನನ್ನ ಮನಸ್ಸು ಒಪ್ಪುತ್ತಿಲ್ಲ. ಮಾವನವರಿಗೆ 74 ವರ್ಷ. ಹತ್ತಿ ಗಿರಣಿಯಲ್ಲಿ ಮಗ್ಗಗಳ ಸದ್ದಿನ ನಡುವೆ ದುಡಿದು ಕಿವಿ ಮಂದವಾಗಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ವಾರ್ತೆ ನೋಡುತ್ತಾರೆ. ಸರಿಯಾಗಿ ಕೇಳಿಸದ ಕಾರಣ ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಓದಿಕೊಂಡೇ ಸುದ್ದಿ ತಿಳಿಯುತ್ತಾರೆ. ಕತ್ತಿನ ಮೂಳೆ ಸವೆದಿದೆ ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಅತ್ತೆ ಸೋಫಾದ ಮೇಲೆ ಕೂರುವವರೇ ಅಲ್ಲ. ನೆಲಕ್ಕೆ ಚಾಪೆ ಹಾಸಿ, ಮುಂದೆ ಮೊರ ಇಟ್ಟುಕೊಂಡು, ಅಕ್ಕಿ ಆರಿಸುತ್ತ ಧಾರಾವಾಹಿ ನೋಡುತ್ತಾರೆ. ಮಗಳಿಗೆ ಮೂರು ವರ್ಷ, ಕಂಡದ್ದನ್ನೆಲ್ಲ ಮುಟ್ಟುವ ವಯಸ್ಸು. ನಾನು ಮತ್ತು ನಮ್ಮ ಮನೆಯವರು ಸೋಫಾದಲ್ಲಿ ಕೂತು ನೋಡುವುದು ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಅಷ್ಟೇ.

ಹಾಲ್ ಅಗಲ 11 ಅಡಿ. ಸೋಫಾ ಎದುರು ಗೋಡೆಗೆ ಒರಗಿದೆ. ಯಾರ ಕಣ್ಣಿನ ಲೆಕ್ಕ ಹಿಡಿಯಬೇಕು? ಅನುಭವ ಇರುವವರು ದಯವಿಟ್ಟು ಹೇಳಿ, ಭಾನುವಾರದವರೆಗೆ ಸಮಯವಿದೆ.

ಮಂಡಿಪೇಟೆ ಅಂಗಡಿ

ನಮ್ಮಲ್ಲಿ ಆರು ವರ್ಷದಿಂದ ಐದೂವರೆ ಅಡಿಯಲ್ಲೇ ಇದೆ, ಯಾರಿಗೂ ತೊಂದರೆಯಾಗಿಲ್ಲ. ಆದರೆ ಒಂದು ಮಾತು ಸೇರಿಸಬೇಕು: ನಮ್ಮದು ಅಂಗಡಿ. ಬಂದವರು ನಿಂತೇ ನೋಡುತ್ತಾರೆ, ಕ್ರಿಕೆಟ್ ಇದ್ದರೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ಮನೆಯಲ್ಲಿ ಹೇಗೋ ತಿಳಿದವರು ಹೇಳಲಿ.

ರಸಮಟ್ಟ

ಮೇಡಂ, ನಾನು 22 ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ, ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ. ಮೇಲಿನ ಅಣ್ಣ ಹೇಳಿದ್ದರಲ್ಲೇ ಉತ್ತರ ಇದೆ. ಐದೂವರೆ ಅಡಿ ಎನ್ನುವುದು ಹೋಟೆಲ್, ಅಂಗಡಿ, ಆಸ್ಪತ್ರೆಯ ಹೊರಗಿನ ಸಾಲು, ಬಸ್ ನಿಲ್ದಾಣದ ಅಳತೆ. ಅಲ್ಲಿ ಜನ ನಿಂತಿರುತ್ತಾರೆ, ಮುಂದಿನವರ ತಲೆ ಅಡ್ಡ ಬರಬಾರದು. ಅದನ್ನೇ ಮನೆಗೂ ತಂದುಬಿಟ್ಟಿದ್ದಾರೆ. ವೈರಿಂಗ್ ಆಗುವ ಹೊತ್ತಿಗೆ ಮನೆಯಲ್ಲಿ ಸೋಫಾ ಇರುವುದಿಲ್ಲ, ಟಿವಿಯೂ ಇರುವುದಿಲ್ಲ. ಖಾಲಿ ಗೋಡೆಯ ಮುಂದೆ ನಿಂತುಕೊಂಡು ಕೈ ಎತ್ತಿ "ಇಲ್ಲಿ ಇಡೋಣವೇ" ಎಂದು ಕೇಳುತ್ತೇವೆ, ಮನೆಯವರೂ ನಿಂತುಕೊಂಡೇ "ಹೂಂ" ಎನ್ನುತ್ತಾರೆ. ತಪ್ಪು ಆಗುವುದು ಅಲ್ಲಿಯೇ.

ನೀವು ಮೊದಲು ಟೇಪು ತೆಗೆದುಕೊಂಡು ಕೂತವರ ಕಣ್ಣಿನ ಎತ್ತರ ಅಳೆಯಿರಿ. ನೆಲದಿಂದ ಕಣ್ಣಿಗೆ, ಪ್ರತಿಯೊಬ್ಬರದನ್ನೂ, ಅವರವರು ಕೂರುವ ಜಾಗದಲ್ಲಿ, ಅವರವರು ಕೂರುವ ರೀತಿಯಲ್ಲಿ. ನೆಟ್ಟಗೆ ಕೂರಿಸಿ ಅಳೆಯಬೇಡಿ. ಹತ್ತು ನಿಮಿಷ ಟಿವಿ ನೋಡಿದ ಮೇಲೆ ಮೈ ಹೇಗೆ ಜಾರುತ್ತದೆಯೋ ಹಾಗೆ ಕೂತಿರುವಾಗ ಅಳೆಯಿರಿ. ಅಲ್ಲಿಂದ ಗೋಡೆಗೆ ಎಷ್ಟು ದೂರ ಎಂಬುದನ್ನೂ ಬರೆದುಕೊಳ್ಳಿ.

55 ಇಂಚಿನ ಟಿವಿ ಎಂದರೆ ಮೂಲೆಯಿಂದ ಮೂಲೆಗೆ 55. ಪರದೆಯ ಅಗಲ ಸುಮಾರು 48 ಇಂಚು, ಎತ್ತರ 27. ಚೌಕಟ್ಟು ಸೇರಿಸಿ ಎತ್ತರ 28 ಎಂದು ಇಟ್ಟುಕೊಳ್ಳಿ. ಪರದೆಯ ನಡುಮಧ್ಯ ಐದೂವರೆ ಅಡಿಗೆ, ಅಂದರೆ 66 ಇಂಚಿಗೆ ಬಂದರೆ, ಕೆಳಗಿನ ಅಂಚು 52ಕ್ಕೆ, ಮೇಲಿನ ಅಂಚು 80ಕ್ಕೆ. ಸೋಫಾದಲ್ಲಿ ಕೂತ ಮನುಷ್ಯನ ಕಣ್ಣು 40ರ ಆಸುಪಾಸಿನಲ್ಲಿರುತ್ತದೆ. ಅಂದರೆ ಪರದೆಯ ಕೆಳ ಅಂಚು ಕೂಡ ಕಣ್ಣಿಗಿಂತ ಒಂದು ಅಡಿ ಮೇಲೆ!

ಲೆಕ್ಕ ಸುಲಭ ಮಾಡಿಕೊಳ್ಳಲು ನಾನು ಹುಡುಗರಿಗೆ ಹೇಳಿಕೊಡುವುದು ಇಷ್ಟು: ಗೋಡೆಗೆ ಎಷ್ಟು ಅಡಿ ದೂರವೋ ಅಷ್ಟು ಸಲ 3 ಇಂಚು. ಅದನ್ನು ಕಣ್ಣಿನ ಎತ್ತರಕ್ಕೆ ಕೂಡಿಸಿ. ಪರದೆಯ ಮಧ್ಯ ಅದಕ್ಕಿಂತ ಮೇಲೆ ಹೋಗಬಾರದು. ಹೀಗೆ ಮಾಡಿದರೆ ನೋಟ ಸುಮಾರು 14 ಡಿಗ್ರಿಗಿಂತ ಮೇಲಕ್ಕೆ ಏರುವುದಿಲ್ಲ. ಇದು ಮೇಲಿನ ಮಿತಿ ಮಾತ್ರ. ಕಣ್ಣಿನ ಮಟ್ಟಕ್ಕೆ ಎಷ್ಟು ಹತ್ತಿರ ತಂದರೆ ಅಷ್ಟು ಒಳ್ಳೆಯದು.

ಕೊರಳು ಬೆನ್ನು, ಚಿತ್ರದುರ್ಗ

ನಾನು ಫಿಸಿಯೋಥೆರಪಿಸ್ಟ್. ಮಾವನವರ ಕತ್ತಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕಣ್ಣು ಸಡಿಲವಾಗಿರುವಾಗ ನೇರಕ್ಕಿಂತ ಸ್ವಲ್ಪ ಕೆಳಕ್ಕೇ ನೋಡುತ್ತದೆ. ಕೆಳಗಿನದನ್ನು ನೋಡಲು ಕಣ್ಣಿನ ಗುಡ್ಡೆ ಇಳಿದರೆ ಸಾಕು, ತಲೆ ಅಲುಗುವುದಿಲ್ಲ. ಮೇಲಿನದನ್ನು ನೋಡುವಾಗ ಗುಡ್ಡೆ ಸ್ವಲ್ಪ ಏರಿ ಸೋಲುತ್ತದೆ, ಉಳಿದದ್ದನ್ನು ಗದ್ದ ಮೇಲೆತ್ತಿ ಕತ್ತು ತುಂಬಿಕೊಡುತ್ತದೆ. ಕತ್ತು ಹಿಂದಕ್ಕೆ ಬಾಗಿದಾಗ ಹಿಂಬದಿಯ ಕೀಲುಗಳು ಒಂದರ ಮೇಲೊಂದು ಒತ್ತುತ್ತವೆ, ನರ ಹೊರಬರುವ ಕಿಂಡಿ ಕಿರಿದಾಗುತ್ತದೆ. ವಯಸ್ಸಾಗಿ ಮೂಳೆ ಸವೆದವರಿಗೆ ಇದು ಭುಜಕ್ಕೆ, ತೋಳಿಗೆ ಹರಿಯುವ ನೋವಾಗಬಹುದು. ಐದು ನಿಮಿಷಕ್ಕೆ ಏನೂ ಆಗುವುದಿಲ್ಲ. ದಿನಕ್ಕೆ ಐದು ಗಂಟೆ ಎಂದರೆ ಬೇರೆ ಮಾತು.

ಇನ್ನೊಂದು ಸಂಗತಿ ಕಣ್ಣಿನದು. ಮೇಲೆ ನೋಡುವಾಗ ರೆಪ್ಪೆ ಹೆಚ್ಚು ತೆರೆದಿರುತ್ತದೆ, ಕಣ್ಣೀರಿನ ಪಸೆ ಬೇಗ ಆರುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗ, ವಯಸ್ಸಾದವರ ಕಣ್ಣು ಉರಿಯುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಮಾವ ಕಣ್ಣು ಉಜ್ಜಿಕೊಳ್ಳುತ್ತಾರೆಯೇ, ಗಮನಿಸಿ.

ಶಾಮನೂರು ರಸ್ತೆ

ನಿಮ್ಮ ಮನೆಯವರ ಪರವಾಗಿಯೂ ಒಬ್ಬರು ಮಾತನಾಡಬೇಕು. ಹಾಲ್ ಎನ್ನುವುದು ಮನೆಗೆ ಬಂದವರು ಮೊದಲು ಕಾಲಿಡುವ ಜಾಗ. ಗೋಡೆಯ ಅಂದವನ್ನು ಹಗುರವಾಗಿ ತೆಗೆದುಹಾಕಬಾರದು. ಟಿವಿಯನ್ನು ತೀರಾ ಕೆಳಗೆ ಹಾಕಿದರೆ ಮೇಲೆ ಬೋಳು ಗೋಡೆ ಉಳಿದು ಕಣ್ಣಿಗೆ ಕುಕ್ಕುತ್ತದೆ. ನಾವು ಐದಡಿಗೆ ಹಾಕಿ, ಮುಂದಕ್ಕೆ ಬಾಗುವ ಬ್ರಾಕೆಟ್ ಹಾಕಿಸಿದ್ದೇವೆ. ಹಾಗೂ ಒಂದು ದಾರಿ ಇದೆ.

ಕೊರಳು ಬೆನ್ನು, ಚಿತ್ರದುರ್ಗ

ಬಾಗುವ ಬ್ರಾಕೆಟ್‌ನಿಂದ ಚಿತ್ರ ಚೆನ್ನಾಗಿ ಕಾಣುತ್ತದೆ, ನಿಜ. ಕೆಲವು ಟಿವಿಗಳ ಪರದೆಯನ್ನು ಕೆಳಗಿನಿಂದ ನೋಡಿದರೆ ಬಣ್ಣ ಮಾಸಿದ ಹಾಗೆ ಕಾಣುತ್ತದೆ, ಬಾಗಿಸಿದರೆ ಅದು ಸರಿಹೋಗುತ್ತದೆ. ಆದರೆ ಟಿವಿ ಎಷ್ಟೇ ಬಾಗಿದರೂ ಇರುವುದು ಅದೇ ಎತ್ತರದಲ್ಲಿ, ನೋಡುವವರ ಕತ್ತು ಏರಬೇಕಾದಷ್ಟು ಏರಲೇಬೇಕು. ಮಲಗಿ ನೋಡುವ ಕೋಣೆಯಾದರೆ ಮಾತ್ರ ಎತ್ತರದ ಟಿವಿಗೆ ಬಾಗುವ ಬ್ರಾಕೆಟ್ ಒಳ್ಳೆಯ ಜೋಡಿ. ದಿಂಬಿಗೆ ಒರಗಿದವರ ಮುಖ ಆಗಲೇ ಮೇಲಕ್ಕೆ ತಿರುಗಿರುತ್ತದೆ.

ಕೋಟೆಯ ಬುಡ

ನಮ್ಮದು ಚಿತ್ರದುರ್ಗದಲ್ಲಿ ಕೋಟೆಯ ಬುಡದ ಹಳೆಯ ಮನೆ. ಗೋಡೆ ಎರಡಡಿ ದಪ್ಪ, ಕಲ್ಲು ಮತ್ತು ಮಣ್ಣಿನದು, ಮೇಲೆ ಮಾತ್ರ ಸಿಮೆಂಟಿನ ಗಿಲಾವು. ಎತ್ತರದ ಬಗ್ಗೆ ಹೇಳುವಷ್ಟು ನನಗೆ ಗೊತ್ತಿಲ್ಲ, ಗೋಡೆಯ ಬಗ್ಗೆ ಹೇಳಲೇಬೇಕು. ಟಿವಿ ಹಾಕಲು ಬಂದ ಹುಡುಗ ಗೋಡೆಯನ್ನು ತಟ್ಟಿಯೂ ನೋಡದೆ ಡ್ರಿಲ್ ಹಿಡಿದ. ಮೂರು ತೂತು ಕಲ್ಲಿಗೆ ಬಿದ್ದವು, ನಾಲ್ಕನೆಯದು ಎರಡು ಕಲ್ಲಿನ ನಡುವಿನ ಮಣ್ಣಿಗೆ. ಕೆಂಪು ಮಣ್ಣು ಸಣ್ಣ ಧಾರೆಯಾಗಿ ನೆಲಕ್ಕೆ ಸುರಿಯುತ್ತಲೇ ಇತ್ತು. ಆತ ಪ್ಲಗ್ ತುರುಕಿ, ಸ್ಕ್ರೂ ತಿರುಗಿಸಿ ಹೋದ. ನಾಲ್ಕು ತಿಂಗಳಲ್ಲಿ ಆ ಮೂಲೆ ಕಳಚಿತು. ಬೆಳಿಗ್ಗೆ ಎದ್ದು ನೋಡಿದರೆ ಟಿವಿ ಒಂದು ಕಡೆಗೆ ವಾಲಿ ನಿಂತಿದೆ.

ಆಮೇಲೆ ನಾವು ಗೋಡೆಯ ಸಹವಾಸ ಬಿಟ್ಟೆವು. ಅಜ್ಜನ ಕಾಲದ ತೇಗದ ಬೆಂಚು ಇತ್ತು, 20 ಇಂಚು ಎತ್ತರ. ಅದರ ಮೇಲೆ ಟಿವಿಯನ್ನು ಅದರ ಕಾಲಿನ ಮೇಲೇ ನಿಲ್ಲಿಸಿ, ಹಿಂದಿನಿಂದ ಒಂದು ಪಟ್ಟಿ ಹಾಕಿ ಗೋಡೆಯ ಗಟ್ಟಿ ಕಲ್ಲಿಗೆ ಬಿಗಿದಿದ್ದೇವೆ. 43 ಇಂಚಿನ ಟಿವಿ. ಪರದೆಯ ಮಧ್ಯ ಮೂರಡಿಗಿಂತ ಸ್ವಲ್ಪ ಕೆಳಗೆ ಬಂತು. ಕುರ್ಚಿಯಲ್ಲಿ ಕೂತವರಿಗೂ ನೆಲದಲ್ಲಿ ಕೂತವರಿಗೂ ಹಿತವಾಗಿದೆ.

ಹರಿಹರದ ಅಮ್ಮ

ಆ ಪಟ್ಟಿಯನ್ನು ಯಾರೂ ಮರೆಯಬೇಡಿ. ನಮ್ಮ ಮಗ ಎರಡೂವರೆ ವರ್ಷದವನಿದ್ದಾಗ ಮೇಜಿನ ಮೇಲಿದ್ದ ಟಿವಿಯ ಕೆಳಗಿನ ಬಟ್ಟೆ ಹಿಡಿದು ಎಳೆದ. ಟಿವಿ ಅವನ ಪಕ್ಕಕ್ಕೆ, ಒಂದು ಗೇಣು ದೂರಕ್ಕೆ ಬಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಅಡುಗೆಮನೆಯಿಂದ ಓಡಿ ಬಂದಾಗ ಅವನು ಬಟ್ಟೆಯ ತುದಿ ಹಿಡಿದುಕೊಂಡೇ ನಿಂತಿದ್ದ. ಟೀಚರ್ ಅಕ್ಕ, ಗೋಡೆಗೆ ಹಾಕಿಸುತ್ತಿರುವುದು ಒಳ್ಳೆಯದೇ. ಆದರೆ ಮಗುವಿನ ಕೈಗೆ ಕೆಳ ಅಂಚು ಸಿಗುವ ಹಾಗಿದ್ದರೆ ಜೋತುಬೀಳುತ್ತದೆ. ಎತ್ತರ ಇಳಿಸುವ ಮೊದಲು ಅದನ್ನೂ ಯೋಚಿಸಿ.

ನಿಟುವಳ್ಳಿ ಟೀಚರ್ · ಬುಧವಾರ

ಎಲ್ಲರ ಮಾತನ್ನೂ ಅಚ್ಚುಕಟ್ಟಾಗಿ ಓದಿಕೊಂಡೆ. ನಿನ್ನೆ ಸಂಜೆ ಟೇಪು ಹಿಡಿದು ಎಲ್ಲರನ್ನೂ ಅಳೆದೆ. ಅತ್ತೆಗೆ ಮೊದಲು ಅರ್ಥವಾಗಲಿಲ್ಲ, "ರವಿಕೆ ಹೊಲಿಸುತ್ತೀಯಾ" ಎಂದು ಕೇಳಿದರು.

ನಾನು ಸೋಫಾದಲ್ಲಿ: ಕಣ್ಣು 40 ಇಂಚು, ಗೋಡೆಗೆ ಎಂಟೂವರೆ ಅಡಿ. ಮಾವನವರು ತಮ್ಮ ಆರಾಮ ಕುರ್ಚಿಯಲ್ಲಿ ಒರಗಿದಾಗ 37 ಇಂಚು, ದೂರ ಅಷ್ಟೇ. ಅತ್ತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದಾಗ 29 ಇಂಚು. ಅವರು ಮುಂದೆ ಕೂರುವುದರಿಂದ ಗೋಡೆಗೆ ಆರೇ ಅಡಿ.

ರಸಮಟ್ಟ ಅಣ್ಣನ ಲೆಕ್ಕ ಹಾಕಿದೆ. ನನಗೆ ಎಂಟೂವರೆ ಸಲ 3, ಅಂದರೆ 25.5 ಮತ್ತು 40 ಸೇರಿ 65.5. ನನ್ನೊಬ್ಬಳ ಲೆಕ್ಕವಾದರೆ ಐದೂವರೆ ಅಡಿಯೂ ಹೆಚ್ಚುಕಡಿಮೆ ನಡೆದುಹೋಗುತ್ತಿತ್ತು! ಅತ್ತೆಗೆ ಆರು ಸಲ 3, ಅಂದರೆ 18 ಮತ್ತು 29 ಸೇರಿ 47. ಇಡೀ ಮನೆಯ ಮಿತಿಯನ್ನು ಚಾಪೆಯ ಮೇಲೆ ಕೂತ ಅತ್ತೆಯೇ ನಿರ್ಧರಿಸಿಬಿಟ್ಟರು.

ಐದೂವರೆ ಅಡಿಗೆ ಹಾಕಿದ್ದರೆ ಅವರಿಗೆ ಏನಾಗುತ್ತಿತ್ತು ಎಂದು ಶಾಲೆಯ ಕೋನಮಾಪಕದಿಂದ ಕಾಗದದ ಮೇಲೆ ಅಳತೆಗೆ ಸರಿಯಾಗಿ ಗೆರೆ ಎಳೆದು ನೋಡಿದೆ. ಪರದೆಯ ಮಧ್ಯಕ್ಕೆ 27 ಡಿಗ್ರಿ, ಮೇಲಂಚಿಗೆ 35 ಡಿಗ್ರಿ. ಚಿತ್ರಮಂದಿರದಲ್ಲಿ ಮೊದಲ ಸಾಲಿನಲ್ಲಿ ಕೂತ ಹಾಗೆ, ದಿನವೂ. ಆ ಚಿತ್ರವನ್ನು ನಮ್ಮ ಮನೆಯವರ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿದರು. "ಅವ್ವ ಒಂದು ದಿನವೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ" ಎಂದರು. ಲಿಂಟಲ್ ಮಾತು ಅಲ್ಲಿಗೆ ನಿಂತಿತು.

ಇನ್ನು ಮಗಳ ವಿಷಯ. ಕೈ ಎತ್ತಿ ನಿಂತರೆ ಅವಳ ಬೆರಳು 44 ಇಂಚು ಮುಟ್ಟುತ್ತದೆ. ಏನು ಮಾಡಲಿ?

ಉಳಿ ಸುತ್ತಿಗೆ

ನಾನು ಬಡಗಿ. ಮಗುವಿಗಾಗಿ ಟಿವಿ ಎತ್ತರಿಸುವುದು ಬೇಡ ಅಕ್ಕ, ಕೆಳಗೆ ಒಂದು ತಗ್ಗಿನ ಯೂನಿಟ್ ಮಾಡಿಸಿ. 18 ಇಂಚು ಎತ್ತರ, 15 ಇಂಚು ಮುಂದಕ್ಕೆ ಚಾಚಿರಲಿ, ಟಿವಿಗಿಂತ ಎರಡೂ ಕಡೆ ಅರ್ಧ ಅರ್ಧ ಅಡಿ ಅಗಲವಿರಲಿ. ಮಗು ಅದರ ಮುಂದೆ ನಿಂತು ಕೈ ಚಾಚಿದರೆ ಪರದೆಗೆ ಸುಲಭವಾಗಿ ಎಟುಕುವುದಿಲ್ಲ. ಮೇಲೆ ಹತ್ತದಿರಲಿ ಎಂದು ಖಾನೆಗಳನ್ನು ಮೆಟ್ಟಿಲಿನ ಹಾಗೆ ತೆರೆದಿಡಬೇಡಿ, ಬಾಗಿಲು ಹಾಕಿಸಿ, ಹೊರಗೆ ಹಿಡಿಕೆ ಬೇಡ. ಯೂನಿಟನ್ನೂ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಸೆಟ್ ಟಾಪ್ ಬಾಕ್ಸ್ ಇಡುವ ಖಾನೆಯ ಹಿಂದೆ ಗಾಳಿಯಾಡಲು ಕಿಂಡಿ ಬಿಡಿಸುವುದನ್ನು ಮರೆಯಬೇಡಿ, ನಮ್ಮ ಊರಿನ ಸೆಕೆಗೆ ಅದು ಬೇಕೇ ಬೇಕು.

ನಿಗದಿ ಮಾಡುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ 48ಕ್ಕೆ 28 ಇಂಚಿನ ಒಂದು ದೊಡ್ಡ ಹಾಳೆ ಮಾಡಿ ಗೋಡೆಗೆ ಹಚ್ಚಿ. ಎರಡು ದಿನ ಹಾಗೇ ಬಿಡಿ. ನಾನು ಶೋಕೇಸ್ ಮಾಡುವಾಗಲೂ ಹೀಗೇ ಮಾಡುವುದು. ನೀರೊಲೆಯಲ್ಲಿ ಉರಿಸುವ ಕಾಗದ, ಗೋಡೆಗೆ ನಾಲ್ಕು ತೂತು ತಪ್ಪಿಸುತ್ತದೆ.

ವಿದ್ಯಾನಗರ ಮೂರನೇ ತಿರುವು

ಹಾಳೆ ಹಚ್ಚಿದಾಗ ಕಿಟಕಿಯ ಬೆಳಕೂ ನೋಡಿಕೊಳ್ಳಿ. ನಮ್ಮಲ್ಲಿ ಎದುರು ಕಿಟಕಿಯ ಬೆಳಕು ಸಂಜೆ ನಾಲ್ಕರಿಂದ ಆರರವರೆಗೆ ಪರದೆಯ ಮೇಲೆ ಬೀಳುತ್ತದೆ, ಏನೂ ಕಾಣುವುದಿಲ್ಲ. ಪರದೆಯ ಗಾತ್ರದ ಒಂದು ಕನ್ನಡಿಯನ್ನಾದರೂ ಹಿಡಿದು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು. ಈಗ ಕಿಟಕಿಗೆ ದಪ್ಪ ಪರದೆ ಬಟ್ಟೆ ಹಾಕಿದ್ದೇವೆ.

ನಿಟುವಳ್ಳಿ ಟೀಚರ್ · ಶುಕ್ರವಾರ ರಾತ್ರಿ

ಬುಧವಾರ ರಾತ್ರಿಯೇ ಹಾಳೆ ಅಂಟಿಸಿದೆವು. ಮೊದಲ ದಿನ ಮಧ್ಯ 40 ಇಂಚಿಗೆ ಬರುವ ಹಾಗೆ. ಎಲ್ಲಕ್ಕಿಂತ ಒಳ್ಳೆಯದು ಕಣ್ಣಿನ ಮಟ್ಟ ಎಂದು ಓದಿದ್ದೆನಲ್ಲ, ಇದೇ ಸರಿ ಎಂದುಕೊಂಡಿದ್ದೆ. ಅತ್ತೆ ಚಾಪೆಯ ಮೇಲೆ ಕೂತು "ಈಗ ಎದುರಿಗೆ ಕೂತು ಮಾತಾಡಿದ ಹಾಗಿದೆ" ಎಂದರು.

ಮಾವನವರು ಮಾತ್ರ ಏನೋ ಸರಿಯಿಲ್ಲ ಎಂದರು. ಹಾಳೆಯ ಕೆಳ ಅಂಚಿನಲ್ಲಿದ್ದ ಜಾಹೀರಾತಿನ ದಪ್ಪ ಅಕ್ಷರವನ್ನು ತೋರಿಸಿ ಓದಿಸಿದೆ. ಕುರ್ಚಿಯಲ್ಲಿ ಒರಗಿಕೊಂಡರೆ ಅಕ್ಷರ ಮಸುಕು. ಗದ್ದವನ್ನು ಎದೆಗೆ ಒತ್ತಿಕೊಂಡರೆ ಓದಲು ಬರುತ್ತದೆ. ಅದೇ ಹಾಳೆಯನ್ನು ಕೈಯಲ್ಲಿ ಹಿಡಿದು ಮೇಲೆತ್ತಿ ತೋರಿಸಿದರೆ ಒರಗಿಕೊಂಡೇ ಓದುತ್ತಾರೆ. ನನಗೆ ತಲೆ ಬುಡ ತಿಳಿಯಲಿಲ್ಲ. ತಗ್ಗಿದರೆ ಕತ್ತಿಗೆ ಒಳ್ಳೆಯದು ಎಂದಲ್ಲವೇ ನಾವು ಇಷ್ಟು ಹೊತ್ತು ಮಾತಾಡಿದ್ದು?

ಅಶೋಕ ರಸ್ತೆ ಕನ್ನಡಕ

ಮೇಡಂ, ಮಾವನವರದು ಬೈಫೋಕಲ್ ಕನ್ನಡಕವೇ? ಗಾಜಿನ ಕೆಳಭಾಗದಲ್ಲಿ ಅರ್ಧಚಂದ್ರದ ಗೆರೆ ಇದೆಯೇ?

ನಿಟುವಳ್ಳಿ ಟೀಚರ್

ಹೌದು ಸರ್, ಇದೆ.

ಅಶೋಕ ರಸ್ತೆ ಕನ್ನಡಕ

ಹಾಗಾದರೆ ಕಾರಣ ಅದೇ. ಆ ಗಾಜಿನ ಮೇಲಿನ ಭಾಗ ದೂರಕ್ಕೆ, ಕೆಳಗಿನ ಅರ್ಧಚಂದ್ರ ಕೈಯಲ್ಲಿ ಹಿಡಿದ ಪತ್ರಿಕೆ ಓದುವುದಕ್ಕೆ. ಆರಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರೆ ತಲೆಯೂ ಹಿಂದಕ್ಕೆ ಬಾಗುತ್ತದೆ. ಆಗ ಎದುರಿನ ಟಿವಿಯನ್ನು ನೋಡಲು ಕಣ್ಣು ಕೆಳಕ್ಕೆ ಇಳಿದು ಓದುವ ಭಾಗದ ಒಳಗಿನಿಂದ ನೋಡುತ್ತದೆ. ಎಂಟು ಅಡಿ ದೂರದ ಅಕ್ಷರ ಆ ಭಾಗದಲ್ಲಿ ಮಸುಕಾಗಿಯೇ ಕಾಣಬೇಕು. ಗೆರೆ ಕಾಣದ ಪ್ರೋಗ್ರೆಸಿವ್ ಗಾಜಿನವರಿಗೂ ಇದೇ ತೊಂದರೆ ಬರುತ್ತದೆ. ಅದಕ್ಕೇ ನಿಮ್ಮ ಮಾವ ಗದ್ದ ಒತ್ತಿಕೊಂಡು ಮೇಲಿನ ಭಾಗವನ್ನು ಟಿವಿಯ ಎದುರಿಗೆ ತಂದರು. ದಿನವೂ ಹಾಗೆ ಒತ್ತಿಕೊಂಡರೆ ಅದೂ ಕತ್ತಿಗೆ ನೋವೇ.

ನಾಲ್ಕೈದು ಇಂಚು ಏರಿಸಿ ನೋಡಿ. ಆದರೆ ಅದರಿಂದ ಸಿಗುವುದು ಸುಮಾರು 3 ಡಿಗ್ರಿ ಮಾತ್ರ. ಬೆನ್ನಿನ ಹಿಂದೆ ಒಂದು ದಿಂಬು ಕೊಟ್ಟು ಸ್ವಲ್ಪ ನೆಟ್ಟಗೆ ಕೂರಿಸಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಟಿವಿಗೆಂದೇ ಬರೀ ದೂರದ ನೋಟದ ಒಂದು ಜೊತೆ ಕನ್ನಡಕ. ದೊಡ್ಡ ಖರ್ಚಿನದಲ್ಲ. ಕುರ್ಚಿಯ ಕೈಗೆ ಒಂದು ದಾರ ಕಟ್ಟಿ ನೇತುಹಾಕಿಟ್ಟರೆ ಹುಡುಕುವ ಕೆಲಸವೂ ಇಲ್ಲ.

ಕೊರಳು ಬೆನ್ನು, ಚಿತ್ರದುರ್ಗ

ಈ ಸಂಗತಿ ನನಗೆ ಹೊಳೆದಿರಲಿಲ್ಲ. ನನ್ನಲ್ಲಿಗೆ ಬರುವ ಹಿರಿಯರಿಗೆ ಇನ್ನು ಮುಂದೆ ಟಿವಿಯ ಎತ್ತರದ ಜೊತೆ ಕನ್ನಡಕವನ್ನೂ ಕೇಳುತ್ತೇನೆ. ಧನ್ಯವಾದ ಸರ್.

ರಸಮಟ್ಟ

ಮೇಡಂ, ಭಾನುವಾರಕ್ಕೆ ಮುನ್ನ ಕೆಲಸದ ನಾಲ್ಕು ಮಾತು.

ಹಾಕುವವರು ಬಂದಾಗ "ಮಧ್ಯ ಇಷ್ಟಕ್ಕೆ ಬರಲಿ" ಎಂದಷ್ಟೇ ಹೇಳಿದರೆ ಸಾಲದು. ಟಿವಿಯ ಬೆನ್ನಿನ ನಾಲ್ಕು ತೂತುಗಳು ಟಿವಿಯ ನಡುಮಧ್ಯದಲ್ಲೇ ಇರುತ್ತವೆ ಎಂದು ನಂಬಬೇಡಿ, ಅನೇಕ ಮಾದರಿಗಳಲ್ಲಿ ಕೆಳಗಿರುತ್ತವೆ. ಟಿವಿಯನ್ನು ಇಬ್ಬರು ನೆಟ್ಟಗೆ ಹಿಡಿದು ನಿಲ್ಲಿಸಿ, ಕೆಳ ಅಂಚಿನಿಂದ ಮೇಲಿನ ಜೋಡಿ ತೂತಿಗೆ ಎಷ್ಟು ಎಂದು ಅಳೆಯಿರಿ. ಬ್ರಾಕೆಟ್‌ನ ಕೊಕ್ಕೆ ಆ ತೂತಿಗಿಂತ ಎಷ್ಟು ಮೇಲೆ ಕೆಳಗೆ ಬರುತ್ತದೆ ಎಂಬುದನ್ನೂ ಸೇರಿಸಿ. ನಿಮಗೆ ಬೇಕಾದ ಕೆಳ ಅಂಚಿನ ಎತ್ತರಕ್ಕೆ ಅದನ್ನು ಕೂಡಿಸಿ ಗೋಡೆಗೆ ಗುರುತು ಹಾಕಬೇಕು. ಎರಡು ಇಂಚು ತಪ್ಪುವುದು ಇಲ್ಲಿಯೇ.

ನಿಮ್ಮ ಹಳೆಯ ಪಾಯಿಂಟ್‌ಗೆ ಪೈಪು ಮೇಲಿನಿಂದ ಇಳಿದಿದೆಯೋ ಕೆಳಗಿನ ಸ್ವಿಚ್ ಬೋರ್ಡಿನಿಂದ ಏರಿದೆಯೋ ಕೇಳಿ ತಿಳಿದುಕೊಳ್ಳಿ. ಕೆಳಗಿನಿಂದ ಏರಿದ್ದರೆ ಟಿವಿಯ ಹಿಂದೆಯೇ ಗೋಡೆಯೊಳಗೆ ವೈರ್ ಇದೆ ಎಂದಾಯಿತು. ಆ ಸಾಲಿನಲ್ಲಿ ಡ್ರಿಲ್ ಇಡುವುದು ಬೇಡ, ಒಂದು ಕಡೆಗೆ ಸರಿಸಿ. ಏನೇ ಇರಲಿ, ಡ್ರಿಲ್ ಹಿಡಿಯುವ ಮೊದಲು ಮೇನ್ ಆರಿಸಿ, ಡ್ರಿಲ್‌ಗೆ ಪಕ್ಕದ ಮನೆಯಿಂದ ಕರೆಂಟ್ ತಂದರೂ ಸರಿ.

ಪ್ಲಗ್ ಗಿಲಾವಿನಲ್ಲಿ ನಿಲ್ಲಬಾರದು, ಇಟ್ಟಿಗೆಯ ಒಳಗೆ ಹೋಗಬೇಕು. ಗಿಲಾವು ಅರ್ಧ ಇಂಚು ಬರೀ ಮುಖ, ಭಾರ ಹೊರುವುದಿಲ್ಲ. ತೂತಿನಿಂದ ಮೊದಲು ಬಿಳಿ ಪುಡಿ ಬೀಳುತ್ತದೆ, ಇಟ್ಟಿಗೆ ಸಿಕ್ಕ ಕೂಡಲೇ ಕೆಂಪು ಪುಡಿ. ಕೆಂಪು ಬಂದ ಮೇಲೆ ಎರಡು ಇಂಚು ಹೋಗಲಿ. ಮತ್ತೆ ಬೂದು ಬಂದರೆ ಇಟ್ಟಿಗೆಗಳ ನಡುವಿನ ಸಂದಿಗೆ ಬಿದ್ದಿದೆ, ಜಾಗ ಬದಲಿಸಿ. ಹಗುರ ಬ್ಲಾಕ್‌ಗಳ ಗೋಡೆಯಾದರೆ ಅದಕ್ಕೆಂದೇ ಬರುವ ಪ್ಲಗ್ ತರಿಸಬೇಕು. ಎಲ್ಲ ಆದ ಮೇಲೆ ಟಿವಿಯ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತಿದೆಯೇ ನೋಡಿ.

ನಿಟುವಳ್ಳಿ ಟೀಚರ್ · ಭಾನುವಾರ ರಾತ್ರಿ

ಆಯಿತು. ಟಿವಿ ಗೋಡೆಗೆ ಬಂತು. ಎಲ್ಲವನ್ನೂ ಬರೆಯುತ್ತೇನೆ, ಇದನ್ನು ಮುಂದೆ ಓದುವವರಿಗೆ ಉಪಯೋಗವಾಗಲಿ.

ಶನಿವಾರ ಹಾಳೆಯನ್ನು 45 ಇಂಚಿಗೆ ಏರಿಸಿದೆವು. ಮಾವನವರ ಬೆನ್ನಿಗೆ ದಿಂಬು ಕೊಟ್ಟೆ. ಕೆಳಗಿನ ಅಕ್ಷರ ಗದ್ದ ಒತ್ತಿಕೊಳ್ಳದೆಯೇ ಓದಲು ಬಂತು. ಅತ್ತೆಯ ಮಿತಿ 47, ಅದರೊಳಗೇ ಇದೆ, ಅವರಿಗೆ ಮಧ್ಯಕ್ಕೆ 13 ಡಿಗ್ರಿ ಆಗುತ್ತದೆ. ಅವರು ಚಾಪೆಯನ್ನು ತಾವಾಗಿಯೇ ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು. ಹಾಗಾಗಿ ಅದಕ್ಕಿಂತಲೂ ಕಡಿಮೆಯೇ ಇರಬೇಕು. ಕೆಳ ಅಂಚು 31, ಮೇಲಂಚು 59.

ಇಂದು ಬೆಳಿಗ್ಗೆ ಹಾಕುವವರು ಬಂದು ಪ್ಲಗ್ ಪಾಯಿಂಟ್ ನೋಡಿದ ಕೂಡಲೇ ಅಲ್ಲಿಗೇ ಗುರುತು ಹಾಕಲು ಹೊರಟರು. ನಾನು ಹಾಳೆ ತೋರಿಸಿದೆ. "ಇಷ್ಟು ಕೆಳಗೆ ಯಾರೂ ಹಾಕಿಸುವುದಿಲ್ಲ ಮೇಡಂ" ಎಂದರು. ನಮ್ಮ ಮನೆಯವರೇ ಮುಂದೆ ಬಂದು, "ನೀವು ಒಂದು ನಿಮಿಷ ಆ ಚಾಪೆಯ ಮೇಲೆ ಕೂತು ಆ ಪಾಯಿಂಟ್ ನೋಡಿ" ಎಂದರು. ಅವರು ಕೂತರು, ತಲೆ ಎತ್ತಿದರು, ಎದ್ದು ಬಂದು ಹಾಳೆಯ ಮಧ್ಯಕ್ಕೆ ಪೆನ್ಸಿಲ್ ಇಟ್ಟರು. ಟಿವಿಯ ಬೆನ್ನಿನ ತೂತುಗಳು ನಿಜವಾಗಿಯೂ ಮಧ್ಯಕ್ಕಿಂತ ಎರಡು ಇಂಚು ಕೆಳಗಿದ್ದವು. ರಸಮಟ್ಟ ಅಣ್ಣ ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಬಣ್ಣ ಹೊಸದು, ಧೂಳು ಇಳಿಯದಿರಲಿ ಎಂದು ತೂತಿನ ಕೆಳಗೆ ಕಾಗದವನ್ನು ಜೋಳಿಗೆಯ ಹಾಗೆ ಮಡಚಿ ಅಂಟಿಸಿದ್ದೆ. ಮೊದಲು ಬಿಳಿ, ಆಮೇಲೆ ಕೆಂಪು. ನಾಲ್ಕಕ್ಕೆ ನಾಲ್ಕೂ ಕೆಂಪು.

ಪೈಪು ಮೇಲಿನಿಂದ ಇಳಿದಿತ್ತು, ಆದ್ದರಿಂದ ಗೋಡೆ ಕೊರೆಯದೆ ಹಳೆಯ ಪಾಯಿಂಟ್‌ನಿಂದ ಬಿಳಿ ಕೇಸಿಂಗ್ ಪಟ್ಟಿಯಲ್ಲಿ ವೈರ್ ಇಳಿಸಿ ಟಿವಿಯ ಹಿಂದೆ ಹೊಸ ಸಾಕೆಟ್ ಇಟ್ಟರು. ಏಳು ಇಂಚು ಪಟ್ಟಿ ಮಾತ್ರ ಹೊರಗೆ ಕಾಣುತ್ತದೆ. ಹಳೆಯ ಪಾಯಿಂಟ್ ಟಿವಿಯ ಮೇಲೆ ಹಾಗೇ ಉಳಿದಿದೆ. ಅದನ್ನು ಮುಚ್ಚಿಸಬೇಕು ಎಂದುಕೊಳ್ಳುತ್ತಿದ್ದಾಗ ಅತ್ತೆ ಒಳಗಿನಿಂದ ದುಗ್ಗಮ್ಮನ ಪಟ ತಂದು ಅಲ್ಲಿಯೇ ನೇತುಹಾಕಿಸಿದರು. ಪಟದ ಸುತ್ತಲಿನ ಸಣ್ಣ ಬಲ್ಬಿನ ಸರಕ್ಕೆ ಇಷ್ಟು ದಿನ ಹತ್ತಿರದಲ್ಲಿ ಪ್ಲಗ್ ಇರಲಿಲ್ಲ, ಈಗ ಸಿಕ್ಕಿತು. ಮೇಲೆ ಬೋಳು ಗೋಡೆ ಉಳಿಯುತ್ತದೆ ಎಂದಿದ್ದರಲ್ಲ ಶಾಮನೂರು ರಸ್ತೆಯವರು, ಅದೂ ತುಂಬಿತು.

ತಗ್ಗಿನ ಯೂನಿಟ್ ಬರುವುದು ಇನ್ನು ಹದಿನೈದು ದಿನ. ಅಲ್ಲಿಯವರೆಗೆ ಟಿವಿಯ ಕೆಳಗೆ ಎರಡು ಟ್ರಂಕು ಅಡ್ಡ ಇಟ್ಟಿದ್ದೇನೆ, ಮಗಳ ಮೇಲೆ ಒಂದು ಕಣ್ಣು ಇಟ್ಟೇ ಇರುತ್ತೇನೆ. ಮಾವನವರನ್ನು ಮಂಗಳವಾರ ಕನ್ನಡಕದ ಅಳತೆಗೆ ಕರೆದುಕೊಂಡು ಹೋಗುತ್ತೇವೆ.

ಹರಿಹರದ ಅಮ್ಮ

ಟ್ರಂಕಿನ ಮೇಲೆ ಮಗು ಹತ್ತುತ್ತದೆ ಅಕ್ಕ! ಅದರ ಬದಲು ದಿವಾನಿನ ದೊಡ್ಡ ದಿಂಬುಗಳನ್ನು ಅಡ್ಡ ಇಡಿ.

ನಿಟುವಳ್ಳಿ ಟೀಚರ್

ಸರಿಯಾಗಿ ಹೇಳಿದಿರಿ. ಈಗಲೇ ತೆಗೆದೆ.

ಕೋಟೆಯ ಬುಡ

ಟೀಚರ್ ಮೇಡಂ, ಆ ಪತ್ರಿಕೆಯ ಹಾಳೆ ಇನ್ನೂ ಇದೆಯೇ? ನಮ್ಮ ತಂಗಿ ದಾವಣಗೆರೆಯಲ್ಲೇ ಇದ್ದಾಳೆ, ಸರಸ್ವತಿ ನಗರದಲ್ಲಿ ಮನೆ ಕಟ್ಟುತ್ತಿದ್ದಾರೆ, ವೈರಿಂಗ್ ಇನ್ನೂ ಶುರುವಾಗಿಲ್ಲ. ಅವರದೂ 55 ಇಂಚೇ.

ನಿಟುವಳ್ಳಿ ಟೀಚರ್

ಇದೆ, ಮಡಚಿ ಬೀರುವಿನ ಮೇಲೆ ಇಟ್ಟಿದ್ದೇನೆ. ಒಂದು ಮೂಲೆ ಹರಿದಿದೆ, ಅಂಟಿಸಿ ಕೊಡುತ್ತೇನೆ. ವೈರಿಂಗ್‌ನವರು ಬರುವ ದಿನ ಒಂದು ಕುರ್ಚಿ, ಒಂದು ಚಾಪೆ ಕೂಡ ಅಲ್ಲಿಗೆ ತೆಗೆದುಕೊಂಡು ಹೋಗಲು ಹೇಳಿ.